ಆರು ತಂತಿ ಮೂರು ಜೋಡಿ

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಅದನ್ನು ಹೇಳಲು ನಾನು ಏಳು ದಿನ ತೆಗೆದುಕೊಂಡೆ. ಆ ಏಳು ದಿನ ಒಬ್ಬ ಹೆಣ್ಣುಮಗಳು ಕಳ್ಳಿ ಅನ್ನಿಸಿಕೊಂಡು ಮನೆಯಲ್ಲಿ ಕೂತಿದ್ದಳು.

2008ರ ಮಾತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಬಸವಕುಮಾರ್ ಧಣಿಯ ಅದಿರಿನ ಯಾರ್ಡ್ ಇತ್ತು. ದಿನಕ್ಕೆ ನಾನೂರು ಲಾರಿ ಬಂದು ಹೋಗುತ್ತಿದ್ದವು. ಲಾರಿ ತೂಗುವುದಕ್ಕೆ ಮೂರು ವೇಬ್ರಿಡ್ಜ್. ನಮ್ಮ ಕಡೆ ಅದನ್ನು ಕಾಟಾ ಅನ್ನುತ್ತಾರೆ. ಅದಿರು ತುಂಬಿದ ಲಾರಿಗಳು ಒಂದನೇ ಮತ್ತು ಎರಡನೇ ಕಾಟಾ ಹತ್ತಿ ಹೊರಗೆ ಹೋಗುತ್ತಿದ್ದವು. ಮೂರನೆಯದನ್ನು ಹತ್ತಿ ಖಾಲಿ ಲಾರಿಗಳು ಒಳಗೆ ಬರುತ್ತಿದ್ದವು. ಪ್ರತಿ ಕಾಟಾದ ಪಕ್ಕ ಒಂದು ಡಬ್ಬಿ. ಅದು ತೂಕವನ್ನು ತಂತಿಯ ಮೇಲೆ ನಡುವಿನ ಕ್ಯಾಬಿನ್ನಿನ ಕಂಪ್ಯೂಟರಿಗೆ ಕಳಿಸುತ್ತಿತ್ತು. ಕ್ಯಾಬಿನ್ನಿನಲ್ಲಿ ಕುರೆಕುಪ್ಪದ ಗಂಗಾಂಬಿಕಾ ಕೂತು ಸ್ಲಿಪ್ ಹೊಡೆದು ಕೊಡುತ್ತಿದ್ದಳು. ಇಡೀ ಯಾರ್ಡಿನಲ್ಲಿ ಅವಳೊಬ್ಬಳೇ ಹೆಂಗಸು. ಮೂರು ವರ್ಷದಲ್ಲಿ ಒಂದು ಸ್ಲಿಪ್ಪೂ ತಪ್ಪಿರಲಿಲ್ಲ.

ತಂತಿ ಎಳೆದವನು ನಾನು, ಕಡ್ಡಿರಾಂಪುರದ ಸುಂಕಪ್ಪ. ಊರ ಶಾಲೆಯಲ್ಲಿ ಓದಿದ್ದು, ಅಷ್ಟೇ. ಇಪ್ಪತ್ತು ವರ್ಷ ಟೆಲಿಫೋನ್ ಕಂಬ ಹತ್ತಿದೆ. ಮೊಣಕಾಲು ನೋಯಲು ಶುರುವಾದ ಮೇಲೆ ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ. ಹಾಕಿಕೊಂಡು ಲಿನಕ್ಸ್ ಕಲಿತು, ಹೊಸಪೇಟೆಯಲ್ಲಿ ಒಂದು ಅಂಗಡಿ ಇಟ್ಟೆ. ಕಂಪ್ಯೂಟರಿನಲ್ಲಿ ಎಲ್ಲದರ ಕೆಳಗೆ ಕೂತು ಯಂತ್ರವನ್ನು ನಡೆಸುವ ಭಾಗವೊಂದಿದೆ, ಕರ್ನಲ್ ಅನ್ನುತ್ತಾರೆ. ಅದರೊಳಗೆ ಕೈ ಹಾಕುವ ಧೈರ್ಯ ಹೊಸಪೇಟೆಯಲ್ಲಿ ಆಗ ಇದ್ದದ್ದು ನನಗೊಬ್ಬನಿಗೇ. ಈ ಮಾತಿಗೆ ಯಾರಾದರೂ ಸಿಟ್ಟಾದರೆ ಆಗಲಿ.

ಯಾರ್ಡಿನಲ್ಲಿ ತಂತಿ ಬಾಳುತ್ತಿರಲಿಲ್ಲ. ಲಾರಿಯ ಗಾಲಿ ಹರಿಯುತ್ತಿತ್ತು, ಇಲಿ ಕಡಿಯುತ್ತಿತ್ತು, ಕೆಂಪು ಧೂಳು ತುಂಬಿ ಪಿನ್ನು ಕೆಡುತ್ತಿತ್ತು. ಅದಕ್ಕೆ ಒಂದೊಂದು ಕಾಟಾಕ್ಕೆ ಎರಡೆರಡು ತಂತಿಯನ್ನು ಬೇರೆ ಬೇರೆ ದಾರಿಯಲ್ಲಿ ಎಳೆದೆ. ಕ್ಯಾಬಿನ್ನಿನ ಕಂಪ್ಯೂಟರಿನ ಬೆನ್ನಿಗೆ ಆರು ತೂತು, ಆರು ತಂತಿ. ಆಮೇಲೆ ಕರ್ನಲ್ಲಿಗೆ ಒಂದು ಹೊಸ ಸಾಧನ ಬರೆದು ಸೇರಿಸಿದೆ. ಅದು ಕಬ್ಬಿಣದಲ್ಲಿ ಇಲ್ಲ, ಪ್ಲಾಸ್ಟಿಕ್ಕಿನಲ್ಲೂ ಇಲ್ಲ, ಬರೀ ಬರಹ. ಆದರೆ ಮೇಲಿನ ಪ್ರೋಗ್ರಾಮಿಗೆ ನಿಜವಾದ ನೆಟ್‌ವರ್ಕ್ ಕಾರ್ಡಿನಂತೆಯೇ ಕಾಣುತ್ತದೆ. ಒಳಗೆ ಎರಡು ತಂತಿಗಳನ್ನು ಹಿಡಿದುಕೊಂಡಿರುತ್ತದೆ. ಎರಡರಲ್ಲೂ ಒಂದೇ ತೂಕ, ಒಂದೇ ಸರದಿ ಸಂಖ್ಯೆಯೊಂದಿಗೆ ಬರುತ್ತದೆ; ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆಯುತ್ತದೆ. ಒಂದು ತಂತಿ ಹರಿದುಹೋದರೂ ಸ್ಲಿಪ್ ನಿಲ್ಲುವುದಿಲ್ಲ. ಅದಕ್ಕೆ ಜೋಡಿ ಎಂದು ಹೆಸರಿಟ್ಟೆ.

ನನ್ನ ದೊಡ್ಡ ಹೆಮ್ಮೆ ಅದನ್ನು ಹುಟ್ಟಿಸುವ ರೀತಿ. ಕಂಪ್ಯೂಟರ್ ಹಚ್ಚಿದರೆ ಸಾಕು, ಜೋಡಿ ತಾನೇ ಎದ್ದು ತೂತುಗಳನ್ನು ಎರಡೆರಡರಂತೆ ಹಿಡಿದುಕೊಳ್ಳುತ್ತಿತ್ತು. ಮೊದಲಿನ ಎರಡು ಜೋಡಿ0, ಮುಂದಿನ ಎರಡು ಜೋಡಿ1, ಕೊನೆಯ ಎರಡು ಜೋಡಿ2. ಯಾರನ್ನೂ ಏನೂ ಕೇಳುತ್ತಿರಲಿಲ್ಲ. "ಅಕ್ಷರ ಬರದವರೂ ನಡೆಸಬಹುದು" ಎಂದು ಧಣಿಯ ಮುಂದೆ ಕೊಚ್ಚಿಕೊಂಡಿದ್ದೆ.

ಆಮೇಲೆ ಆಯುಧಪೂಜೆ ಬಂತು.

ನಮ್ಮ ಕಡೆ ಆಯುಧಪೂಜೆ ಅಂದರೆ ಮೇಲೆ ಮೇಲೆ ಹೂವು ಏರಿಸಿ ಕೈಮುಗಿಯುವುದಲ್ಲ. ಗುದ್ದಲಿಯಿಂದ ಕ್ರೇನಿನವರೆಗೆ ಎಲ್ಲವನ್ನೂ ಬಿಚ್ಚಿ, ತೊಳೆದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ ಮತ್ತೆ ಕೂಡಿಸಬೇಕು. ಗಂಗಾಂಬಿಕಾ ಕಂಪ್ಯೂಟರಿನ ಆರು ತಂತಿಗಳನ್ನೂ ಕಿತ್ತು, ತುದಿಗಳನ್ನು ಒಣಬಟ್ಟೆಯಿಂದ ಒರೆಸಿ, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು ಮತ್ತೆ ಸಿಕ್ಕಿಸಿದಳು. ತೂತಿಗೊಂದು ತಂತಿ, ಎಲ್ಲ ಸರಿಯಾಗಿ ಕೂತಿದ್ದವು. ಮೂರು ಡಬ್ಬಿಗಳನ್ನೂ ಒಟ್ಟಿಗೇ ಹಚ್ಚಿದರು. ಬೂದುಗುಂಬಳಕಾಯಿ ಒಡೆದರು.

ವಿಜಯದಶಮಿಯ ಮರುದಿನ, ಶುಕ್ರವಾರ, ತುಂಬಿದ ಲಾರಿಗಳಿಗೆ ಖಾಲಿ ಲಾರಿಯ ತೂಕದ ಸ್ಲಿಪ್ ಬರಲು ಶುರುವಾಯಿತು. ಎಲ್ಲಕ್ಕೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಸಂಜೆಯೊಳಗೆ ಹನ್ನೊಂದು. ಹನ್ನೊಂದು ಲಾರಿ ಅದಿರು ಕಾಗದದ ಮೇಲೆ ಇಲ್ಲದಂತೆ ಹೊರಗೆ ಹೋಗಿತ್ತು.

ನಾನು ಮೋಟರ್‌ಸೈಕಲ್ ಹತ್ತಿ ಯಾರ್ಡಿಗೆ ಓಡಿದೆ. ಕಂಪ್ಯೂಟರಿನ ಬೆನ್ನು ನೋಡಿದ ಕೂಡಲೇ ಗೊತ್ತಾಯಿತು. ಎರಡನೇ ಕಾಟಾದ ಒಂದು ತಂತಿ, ಮೂರನೇ ಕಾಟಾದ ಒಂದು ತಂತಿ ಒಂದೇ ಜೋಡಿಯಲ್ಲಿ ಸೇರಿಕೊಂಡಿದ್ದವು. ಡಬ್ಬಿಗಳನ್ನು ಒಟ್ಟಿಗೇ ಹಚ್ಚಿದ್ದರಿಂದ ಸರದಿ ಸಂಖ್ಯೆಯೂ ಎರಡರದ್ದೂ ಒಂದೇ; ತುಂಬಿದ ಲಾರಿಯ ತೂಕ ಮೊದಲು ಬಂದರೆ ಸ್ಲಿಪ್ಪಿನಲ್ಲಿ ಅದು, ಖಾಲಿ ಲಾರಿಯದು ಮೊದಲು ಬಂದರೆ ಅದು. ನನಗೆ ತಲೆ ಕೆಟ್ಟಿತು. ಹೊರಗೆ ನಲವತ್ತು ಡ್ರೈವರುಗಳು ಸಾಲಿನಲ್ಲಿ ನಿಂತಿದ್ದರು. ಅವರಿಗೆಲ್ಲ ಕೇಳುವಂತೆ ಕೂಗಾಡಿದೆ.

"ಈ ತಂತಿ ಮುಟ್ಟು ಅಂತ ನಿನಗ ಯಾರು ಹೇಳಿದ್ರು? ಅದಲು ಬದಲು ಮಾಡಿ ಇಟ್ಟೀಯಲ್ಲ, ಕಣ್ಣು ಕಾಣಂಗಿಲ್ಲೇನು?"

ಬಾಗಿಲಲ್ಲಿ ಧಣಿ ನಿಂತಿದ್ದರು. ಐವತ್ತರ ಮನುಷ್ಯ, ದನಿ ಎತ್ತುವುದಿಲ್ಲ, ಅವರ ಜೊತೆ ಇರುವ ಕಷ್ಟವೇ ಅದು.

"ಅಂದ್ರ ತಂತಿ ಬದಲಿ ಮಾಡಿದಾಕಿ ಇವಳ ಅನ್ನು" ಎಂದರು. "ಯಾವ ಡ್ರೈವರ್ ಹೇಳಿಕೊಟ್ನಮ್ಮ?"

"ಪೂಜಾಕ್ಕ ತೆಗೆದಿದ್ದೆ ಧಣೇರ. ಒರೆಸಿ ಹಂಗ ಸಿಕ್ಸಿನಿ."

"ಹನ್ನೊಂದು ಲಾರಿ ಹೋದ್ವು. ಪೂಜಿ ಭಾಳ ಚಲೋ ಆತು ಬಿಡು. ಕೀಲಿ ಕೈ ಇಲ್ಲಿಡು. ಬರೋ ಶುಕ್ರವಾರ ಬ್ಯಾರೆ ಆಪರೇಟರ್ ಬರ್ತಾನ."

ಅವಳು ಕೀಲಿಕೈ ಇಟ್ಟಳು. ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಇನ್ನು ಈ ಗುಡ್ಡಗಳ ಯಾವ ಯಾರ್ಡಿನಲ್ಲೂ ಅವಳನ್ನು ತೂಕದ ಹತ್ತಿರ ಕೂಡಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋಗುವಾಗ ನನ್ನ ಹತ್ತಿರ ಬಂದಳು. ಅಳಲಿಲ್ಲ.

"ಅಣ್ಣಾರ, ಯಾವ ತಂತಿ ಯಾವ ಕಾಟಾದ್ದು ಅಂತ ನನಗ ಗೊತ್ತಿತ್ತು. ಅದಕ್ಕ ಹೇಳಾಕ ಜಾಗಾ ಎಲ್ಲಿಟ್ಟೀರಿ? ಇದ್ದಿದ್ರ ಹೇಳ್ತಿದ್ನಲ್ರಿ."

ತಂತಿಗಳನ್ನು ಸರಿಯಾಗಿ ಸಿಕ್ಕಿಸಿ ಹೊರಟುಬಂದೆ. ಬರುವ ದಾರಿಯಲ್ಲಿ ಅವಳ ಮೇಲೆ ಸಿಟ್ಟು, ಧಣಿಯ ಮೇಲೆ ಸಿಟ್ಟು, ಎದುರು ಬಂದ ಲಾರಿಗಳ ಮೇಲೆ ಸಿಟ್ಟು. ಅಂಗಡಿ ಮುಟ್ಟುವಷ್ಟರಲ್ಲಿ ಸಿಟ್ಟು ಮಾಡಿಕೊಳ್ಳಲು ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಜಾಗ ಎಲ್ಲಿಟ್ಟಿದ್ದೀರಿ. ನಿಜ, ಎಲ್ಲೂ ಇಟ್ಟಿರಲಿಲ್ಲ. ಯಾರನ್ನೂ ಏನೂ ಕೇಳದ ಯಂತ್ರ ಮಾಡಿ ಬೆನ್ನು ತಟ್ಟಿಕೊಂಡಿದ್ದೆ. ತಂತಿಯ ಲೆಕ್ಕವೆಲ್ಲ ನನ್ನ ತಲೆಯಲ್ಲಿತ್ತು. ತಲೆ ಹೊಸಪೇಟೆಯಲ್ಲಿತ್ತು.

ಶನಿವಾರವೆಲ್ಲ ಬಿಗಿದುಕೊಂಡು ಕೂತಿದ್ದೆ. ಭಾನುವಾರ ಬೆಳಿಗ್ಗೆ ಕುರೆಕುಪ್ಪಕ್ಕೆ ಹೋದೆ.

ಅವಳ ಅತ್ತೆ ಅಕ್ಕನಾಗಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬೈಯೋದು ಇನ್ನೂ ಉಳದೈತೇನಪ್ಪ? ಇದ್ರ ಇಲ್ಲೇ ಬೈದು ಹೋಗು, ಓಣ್ಯಾಗ ಮಂದಿ ಅದಾರ, ಕೇಳ್ತಾರ."

"ಇಲ್ಲಮ್ಮ. ಕೇಳಾಕ ಬಂದೀನಿ."

"ಹಂಗಾರ ಕುಂದ್ರು. ಶೇಂಗಾ ಸುಲಿ."

ಶೇಂಗಾ ಸುಲಿಯುತ್ತಲೇ ಗಂಗಾಂಬಿಕಾಗೆ ಹೇಳಿದೆ: ತಪ್ಪು ಯಂತ್ರದ್ದು, ಯಂತ್ರ ನನ್ನದು, ಶುಕ್ರವಾರದೊಳಗೆ ಹೊಸದು ಮಾಡುತ್ತೇನೆ, ಆದರೆ ಅದು ಏನು ಕೇಳಬೇಕು ಎಂದು ನೀನು ಹೇಳು. ಅವಳು ಒಳಗೆ ಹೋಗಿ ಅರ್ಧ ಮುಗಿದ ಒಂದು ಸ್ಲಿಪ್ ರೋಲ್ ತಂದು ನೆಲದ ಮೇಲೆ ಉದ್ದಕ್ಕೆ ಬಿಚ್ಚಿದಳು. ಮಗಳ ಅಭ್ಯಾಸಕ್ಕೆಂದು ಇಟ್ಟುಕೊಂಡದ್ದಂತೆ. ನಾನು ಪೆನ್ನು ತೆಗೆದೆ.

"ಮೊದಲು ತಂತಿ ನಂಬರ್ ಹೇಳೋದು" ಎಂದೆ. "ತೂತು ಮೂರು, ತೂತು ನಾಲ್ಕು, ಎರಡನೇ ಕಾಟಾ. ಹಿಂಗ."

"ಬ್ಯಾಡ್ರಿ. ತಂತಿ ವಾರಕ್ಕೊಮ್ಮೆ ಹರಿತೈತಿ, ತೂತು ಕೆಡತೈತಿ. ಡಬ್ಬಿ ಮೂರು ವರ್ಷ ಆತು, ಅವೇ ಅದಾವ. ಡಬ್ಬಿ ಬೆನ್ನಾಗ ನಂಬರ್ ಐತಿ ನೋಡ್ರಿ. ದಿನಾ ಒರಸ್ತೀನಿ, ನನಗ ಬಾಯಿಪಾಠ. ಎರಡನೇ ಕಾಟಾದ್ದು ಕೊನೀಗೆ 4c. ಮೂರನೇದು 51."

ನಾನು ಎದ್ದು ನಿಂತುಬಿಟ್ಟೆ. ತೊಡೆಯ ಮೇಲಿದ್ದ ಶೇಂಗಾ ಅಂಗಳಕ್ಕೆಲ್ಲ ಚೆಲ್ಲಿತು. ಡಬ್ಬಿ ಕಳಿಸುವ ಪ್ರತಿ ಸಂದೇಶದ ತಲೆಯಲ್ಲೂ ಆ ನಂಬರ್ ಇದ್ದೇ ಇರುತ್ತದೆ. ಮೂರು ವರ್ಷ ಅದು ನನ್ನ ಜೋಡಿಯ ಕಣ್ಣಮುಂದೆ ಹಾದುಹೋಗಿತ್ತು, ನಾನು ಓದಿರಲಿಲ್ಲ. ತಂತಿ ಯಾವ ತೂತಿನಲ್ಲಿದ್ದರೇನು? ಯಾವ ತಂತಿಯಲ್ಲಿ 4cಯ ದನಿ ಕೇಳುತ್ತದೋ ಅದು ಎರಡನೇ ಕಾಟಾದ್ದು. ಕರ್ನಲ್ಲೇ ಹುಡುಕಿಕೊಳ್ಳಲಿ.

"ಏನಾತು, ಚೇಳು ಕಡೀತೇನು?" ಎಂದಳು ಅಕ್ಕನಾಗಮ್ಮ.

ಕೂತು ರೋಲಿನ ಮೇಲೆ ದೊಡ್ಡದಾಗಿ ಬರೆದೆ:

ip link add kata2 type jodi box 00:1f:3a:07:22:4c

"ಓದು."

ಗಂಗಾಂಬಿಕಾ ಬೆರಳಿಟ್ಟು ಓದಿದಳು. ಹೊಸದೊಂದು ಸಾಧನ ಸೇರಿಸು, ಹೆಸರು ಕಾಟಾ2, ಬಗೆ ಜೋಡಿ, ಡಬ್ಬಿ ಇಂಥದ್ದು. ಒಂದು ಸಾಲಿನಲ್ಲಿ ಎಲ್ಲ ಇತ್ತು.

"ಹೆಸರು ನಾವ ಇಡಬೌದಾ?"

"ನೀನ ಇಡು."

"ಡಬ್ಬಿ ನಂಬರ್ ಹಾಕೋದು ಮರ್ತ್ರ?"

"ಮೊದಲು ದನಿ ಕೇಳಿದ ಡಬ್ಬಿ ತಗೋತೈತಿ."

"ಮತ್ತ ಅದ ಜಡ್ಡು ಬಂತಲ್ರಿ. ಹೇಳಲಿಲ್ಲಂದ್ರ ಆಗಂಗಿಲ್ಲ ಅನ್ಲಿ."

ಬರೆದುಕೊಂಡೆ. ನಂಬರ್ ಇಲ್ಲದಿದ್ದರೆ ಹುಟ್ಟಿಸಬೇಡ.

"ಒಂದ ಡಬ್ಬಿ ಎರಡು ಹೆಸರಿಗೆ ಬರದ್ರ?"

"ಎರಡನೇದಕ್ಕ ಇಲ್ಲ ಅಂತೈತಿ."

"ಡಬ್ಬಿ ಬಂದ್ ಇದ್ರ?"

ಇಲ್ಲಿ ನಾನು ತಡೆದೆ. ಬಂದ್ ಇದ್ದರೂ ಹುಟ್ಟಿಸುವುದಕ್ಕೆ ಅಡ್ಡಿಯಿಲ್ಲ. ಬೆಳಿಗ್ಗೆ ಯಾವುದು ಮೊದಲು ಹತ್ತುತ್ತದೋ ಯಾರಿಗೆ ಗೊತ್ತು. ಸಾಧನ ಇರಲಿ, ಡಬ್ಬಿಯ ದನಿ ಇಲ್ಲ ಎಂದು ತೋರಿಸಲಿ, ದನಿ ಬಂದಾಗ ತಾನೇ ಏಳಲಿ. ಅವಳು ಒಪ್ಪಿದಳು, ಆದರೆ ಅಲ್ಲಿಯವರೆಗೆ ಸ್ಲಿಪ್ ಬರಕೂಡದು ಎಂದಳು. ಕೊನೆಗೆ ಇನ್ನೊಂದು ಕೇಳಿದಳು.

"ನಾ ಹೇಳಿದ್ದನ್ನ ಅದು ತಿರುಗಿ ನನಗ ಹೇಳಬೇಕ್ರಿ. ಹೆಸರು, ಡಬ್ಬಿ, ಎರಡೂ. ನಾಳೆ ಧಣೇರು ಬಂದು ಏನು ಹೇಳಿದ್ದಿ ಅಂದ್ರ ತೋರಸಾಕ ನನ್ನ ಹಂತ್ಯಾಕ ಏನರ ಇರಬೇಕಲ್ಲ."

ರೋಲನ್ನು ಸುತ್ತಿಕೊಂಡು ಹೊರಟೆ. ತೋರಣಗಲ್ಲಿನ ತಿರುವಿನಲ್ಲಿ ಗಾಡಿಯ ಮೇಲೆ ಒಬ್ಬನೇ ಮಾತಾಡುತ್ತಿದ್ದೆನಂತೆ. ಆಮೇಲೆ ಒಬ್ಬರು ಹೇಳಿದರು.

ಮುಂದಿನ ನಾಲ್ಕು ದಿನ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಕೂತೆ. ಮೊದಲು ಮಾಡಿದ ಕೆಲಸ, ಜೋಡಿಯನ್ನು ಅಂಗಡಿಯಲ್ಲಿ ಪರೀಕ್ಷಿಸಲೆಂದು ನನಗಾಗಿ ಬರೆದಿಟ್ಟುಕೊಂಡಿದ್ದ ಪ್ರತ್ಯೇಕ ಆಜ್ಞೆಯ ಪ್ರೋಗ್ರಾಮನ್ನು ಅಳಿಸಿದ್ದು. ಆರುನೂರು ಸಾಲು. ನನ್ನೊಬ್ಬನಿಗೆ ಮಾತ್ರ ಅರ್ಥವಾಗುತ್ತಿದ್ದ ಆಜ್ಞೆ ಇನ್ನೊಬ್ಬರಿಗೆ ಯಾಕೆ ಬೇಕು? ನೆಟ್‌ವರ್ಕಿನವರೆಲ್ಲರ ಕೈಯಲ್ಲಿ ಐಪಿ ಎಂಬ ಆಜ್ಞೆ ಆಗಲೇ ಇತ್ತು. ಬಾಕ್ಸ್ ಎಂಬ ಒಂದು ಮಾತನ್ನು ಅದಕ್ಕೆ ಕಲಿಸಲು ನಲವತ್ತು ಸಾಲು ಸಾಕಾಯಿತು.

ಕರ್ನಲ್ಲಿನ ಕಡೆ ಹಳೆಯ ದಾರಿ ಬೇರೆ ಇತ್ತು. ಅದರಲ್ಲಿ ಹೇಳಬೇಕಾದ್ದನ್ನೆಲ್ಲ ಒಂದು ಗಂಟು ಕಟ್ಟಿ ಒಳಗೆ ಎಸೆಯುವುದು. ಮೊದಲಿನ ನಾಲ್ಕು ಬೈಟು ಇದು, ಆಮೇಲಿನ ಆರು ಅದು ಎಂದು ಎರಡೂ ಕಡೆಯವರು ನೆನಪಿಟ್ಟುಕೊಂಡಿರಬೇಕು. ನಡುವೆ ಹೊಸದೊಂದು ಸೇರಿಸಿದರೆ ಎಲ್ಲ ಜರುಗಿ ಕೆಡುತ್ತದೆ. ನನ್ನ ಆರು ತೂತುಗಳ ಕತೆಯೇ. ಹೊಸ ದಾರಿಗೆ ನೆಟ್‌ಲಿಂಕ್ ಎನ್ನುತ್ತಾರೆ. ಇದರಲ್ಲಿ ಒಂದೊಂದು ಮಾತಿಗೂ ಚೀಟಿ ಅಂಟಿಸಿ ಕಳಿಸುವುದು: ಇದು ಹೆಸರು, ಇದು ಬಗೆ, ಇದು ಡಬ್ಬಿ. ಯಾವುದು ಮೊದಲು ಬಂದರೂ ಚೀಟಿ ಓದಿಕೊಳ್ಳಬಹುದು. ಚೀಟಿಯಿಲ್ಲದ್ದನ್ನು ವಾಪಸ್ ಕಳಿಸಬಹುದು. ಒಂದೆರಡು ವರ್ಷದ ಹಿಂದಷ್ಟೇ ಕರ್ನಲ್ಲಿನವರು ಇಂಥ ಬರಹದ ಸಾಧನಗಳಿಗೆಲ್ಲ ಸೇರಿ ಒಂದೇ ಬಾಗಿಲು ತೆರೆದಿದ್ದರು. ನಾನು ಅಲ್ಲಿ ನನ್ನ ಬಗೆಯ ಹೆಸರು ಬರೆಸಿ ನಾಲ್ಕು ಕೆಲಸ ಒಪ್ಪಿಕೊಂಡರೆ ಸಾಕಿತ್ತು: ಬಂದ ಮಾತನ್ನು ಪರೀಕ್ಷಿಸುವುದು, ಸಾಧನ ಹುಟ್ಟಿಸುವುದು, ತೆಗೆದುಹಾಕುವುದು, ಕೇಳಿದಾಗ ತಿರುಗಿ ಹೇಳುವುದು.

ಪರೀಕ್ಷಿಸುವ ಭಾಗ ಹದಿನೈದು ಸಾಲು. ಅದಕ್ಕೆ ಒಂದೂವರೆ ದಿನ ಹಿಡಿಯಿತು. ಯಂತ್ರ ಹದಿನಾಲ್ಕು ಸಲ ಕಲ್ಲಾಗಿ ನಿಂತಿತು. ಬುಧವಾರ ಮಧ್ಯಾಹ್ನ, ಡಬ್ಬಿ ನಂಬರ್ ಬಿಟ್ಟು ಆಜ್ಞೆ ಕೊಟ್ಟೆ. ಆಗುವುದಿಲ್ಲ ಎಂದಿತು. ಒಂದೇ ಡಬ್ಬಿಯನ್ನು ಎರಡನೇ ಸಲ ಕೊಟ್ಟೆ. ಇದು ಆಗಲೇ ಇದೆ ಎಂದಿತು. ನಾನು ಮೇಜು ಗುದ್ದಿ ನಕ್ಕೆ. ಚಹಾ ತಂದ ಪಂಪಣ್ಣ ಬಾಗಿಲಲ್ಲೇ ನಿಂತ.

"ಏನ್ರಿ, ಕೆಲಸ ಆತಾ?"

"ಇಲ್ಲ ಅಂತೈತಪ್ಪ. ಭಾಳ ಚಂದಂಗ 'ಇಲ್ಲ' ಅಂತೈತಿ."

ಅವನು ಚಹಾ ಇಟ್ಟು ಹಿಂದೆ ನೋಡದೆ ಹೋದ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಯಾರ್ಡಿಗೆ ಹೋದೆ. ಗಂಗಾಂಬಿಕಾ ತೋರಣಗಲ್ಲಿನ ಕಾರ್ಖಾನೆಯ ಬಸ್ಸಿನಲ್ಲಿ ಬಂದು ಗೇಟಿನ ಹೊರಗೆ ನಿಂತಿದ್ದಳು. ಕರೆದುಕೊಂಡು ನೇರ ಕ್ಯಾಬಿನ್ನಿಗೆ ಹೋದೆ. ಧಣಿ ಹುಬ್ಬು ಗಂಟಿಕ್ಕಿದರು.

"ಇಕೀನ್ನ ಯಾಕ ಕರಕೊಂಡು ಬಂದ್ಯಪ್ಪ? ಮಧ್ಯಾಹ್ನ ಹೊಸಬ ಬರ್ತಾನ."

"ಅರ್ಧ ತಾಸು ಕೊಡ್ರಿ. ತಪ್ಪು ನಂದು, ತೋರಸ್ತೀನಿ."

ಮೊದಲು ಹಳೆಯದನ್ನೇ ನಡೆಸಿದೆ. ಗಂಗಾಂಬಿಕಾಳನ್ನು ಹೊರಗೆ ನಿಲ್ಲಿಸಿ, ತಂತಿಗಳನ್ನು ಪೂಜೆಯ ದಿನ ಇದ್ದಂತೆ ಸಿಕ್ಕಿಸಿ, ಡಬ್ಬಿಗಳನ್ನು ಒಟ್ಟಿಗೇ ಹಚ್ಚಿಸಿದೆ. ಎರಡನೇ ಕಾಟಾದ ಮೇಲೆ ಡ್ರೈವರ್ ಎರ್ರಿಯಪ್ಪನ ತುಂಬಿದ ಲಾರಿ, ಮೂರನೆಯದರ ಮೇಲೆ ಒಂದು ಖಾಲಿ ಲಾರಿ. ಗುಂಡಿ ಒತ್ತಿದ್ದು ಧಣಿಯೇ. ಮೊದಲ ಸ್ಲಿಪ್ ಸರಿ ಬಂತು. ಎರಡನೆಯದು ಸರಿ ಬಂತು. ಮೂರನೆಯದರಲ್ಲಿ ಎರ್ರಿಯಪ್ಪನ ಲಾರಿ ಒಂಬತ್ತು ಟನ್ ಮುನ್ನೂರ ಎಂಬತ್ತು.

ಎರ್ರಿಯಪ್ಪ ಕಿಟಕಿಯಲ್ಲಿ ಇಣುಕಿ ಸ್ಲಿಪ್ ನೋಡಿದ. "ನಮ್ಮ ಲಾರಿ ಉಪವಾಸ ಮಾಡಿ ಇಳದೈತಿ ನೋಡ್ರಿ ಧಣೇರ. ಇನ್ನ ಡೀಸೆಲ್ ಕಮ್ಮಿ ತಿಂತೈತಿ."

ಧಣಿ ನಗಲಿಲ್ಲ. ಸ್ಲಿಪ್ಪನ್ನು ಎರಡು ಸಲ ಓದಿದರು. "ಹೊಸಾದು ತೋರ್ಸು."

ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದೆ. ಈಗ ಹುಟ್ಟಿದ್ದು ಏನೂ ಇಲ್ಲ. ಪರದೆ ಖಾಲಿ, ಹೇಳುವವರಿಗಾಗಿ ಕಾಯುತ್ತಿತ್ತು. "ತಂತಿ ನೀವ ಕಿತ್ತು ನಿಮಗ ಬೇಕಾದಂಗ ಸಿಕ್ಕಸ್ರಿ" ಎಂದೆ. ಧಣಿ ಅಂಗಿ ತೋಳು ಮಡಚಿ ಆರನ್ನೂ ಕಿತ್ತು, ಕಣ್ಣುಮುಚ್ಚಿ ಇಸ್ಪೀಟು ಕಲೆಸುವಂತೆ ಕಲೆಸಿ ಸಿಕ್ಕಿಸಿದರು. ಆಮೇಲೆ ಹೊರಗೆ ಹೋಗಿ ತಮ್ಮ ಕಾರಿನ ಡ್ರೈವರನ ಕಿವಿಯಲ್ಲಿ ಏನೋ ಹೇಳಿ ಬಂದರು.

"ನೀ ಬರಿ" ಎಂದೆ ಗಂಗಾಂಬಿಕಾಗೆ.

ಅವಳು ಕೂರಲಿಲ್ಲ. ನಿಂತೇ ಮೂರು ಸಾಲು ಬರೆದಳು. ಕಾಟಾ1, ಕಾಟಾ2, ಕಾಟಾ3. ಡಬ್ಬಿಯ ನಂಬರುಗಳು ಕಾಗದ ನೋಡದೆ. ಒಂದು ಮತ್ತು ಎರಡು ಎದ್ದವು. ಧಣಿ ಎರಡನೇ ಕಾಟಾದ ಗುಂಡಿ ಒತ್ತಿದರು. ಇಪ್ಪತ್ತೈದು ಟನ್ ನೂರ ನಲವತ್ತು. ಮತ್ತೆ ಒತ್ತಿದರು, ಅದೇ. ಇಪ್ಪತ್ತು ಸಲ ಒತ್ತಿದರು. ಇಪ್ಪತ್ತು ಸಲವೂ ಅದೇ.

"ಮೂರನೇದು?" ಎಂದು ಒತ್ತಿದರು. ಸ್ಲಿಪ್ ಬರಲಿಲ್ಲ.

ನಾಲ್ಕು ದಿನದ ಕೆಲಸ ಇವರ ಮುಂದೆಯೇ ಕೈಕೊಡಬೇಕೇ ಎಂದುಕೊಂಡು ಕೀಬೋರ್ಡಿಗೆ ಕೈ ಹಾಕಿದೆ. ಗಂಗಾಂಬಿಕಾ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ತೋರಿಸು ಎಂಬ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಅವಳು ಹೇಳಿದ್ದೇ ತಿರುಗಿ ಬಂತು: ಕಾಟಾ3, ಜೋಡಿ, ಡಬ್ಬಿ 51, ದನಿ ಇಲ್ಲ.

"ಹೆಸರು ಸರಿ ಐತಿ, ಡಬ್ಬಿ ಸರಿ ಐತಿ" ಎಂದಳು. "ತಂತಿ ಎರಡೂ ಒಮ್ಮೆಲೆ ಹರಿಯಂಗಿಲ್ಲ. ಡಬ್ಬೀನ ಯಾರೋ ಬಂದ್ ಮಾಡ್ಯಾರ್ರಿ ಧಣೇರ."

ಧಣಿ ಅವಳ ಮುಖ ನೋಡಿದರು. ಕಿಟಕಿಯಾಚೆ ಕೈಯೆತ್ತಿ ಸನ್ನೆ ಮಾಡಿದರು. ಮೂರನೇ ಕಾಟಾದ ಹತ್ತಿರ ನಿಂತಿದ್ದ ಕಾರಿನ ಡ್ರೈವರ್ ಸ್ವಿಚ್ ಹಾಕಿದ. ಎಣಿಸಿ ಮೂರು ಉಸಿರಿನಲ್ಲಿ ಕಾಟಾ3 ಎದ್ದಿತು. ಒಂಬತ್ತು ಟನ್ ಮುನ್ನೂರ ಎಂಬತ್ತು, ಖಾಲಿ ಲಾರಿಯದ್ದು, ಖಾಲಿ ಲಾರಿಯ ಕಾಟಾದಿಂದಲೇ.

"ಹೊಸಬಗ ಬರಬ್ಯಾಡ ಅಂತ ಫೋನ್ ಮಾಡ್ತೀನಿ" ಎಂದರು ಧಣಿ. ಕೀಲಿಕೈಯನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದರು. "ಕುಂದ್ರಮ್ಮ."

ಅವಳು ಕೀಲಿಕೈ ಮುಟ್ಟಲಿಲ್ಲ.

"ಒಳಗ ಹೇಳಿದ್ರಿ. ಅವತ್ತು ನನ್ನನ್ನ ಅಂದಿದ್ದು ಹೊರಗಿನ ಮಂದಿ ಮುಂದ."

ಧಣಿ ಫೋನ್ ತೆಗೆದು ಅದನ್ನೇ ನೋಡತೊಡಗಿದರು. ಅವರಿಂದ ಅದು ಆಗುವ ಮಾತಲ್ಲ. ಅವತ್ತು ಕೂಗಿದ್ದೂ ಅವರಲ್ಲ, ನಾನು.

ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಹೋಗಿ ನಿಂತೆ. ಸಾಲಿನಲ್ಲಿ ಐವತ್ತು ಲಾರಿ ಇದ್ದವು. ಹಿಂದಿನ ಶುಕ್ರವಾರ ಬೈದಷ್ಟೇ ಜೋರಾಗಿ, ಅದಕ್ಕಿಂತ ಕೂದಲೆಳೆಯಷ್ಟೂ ಕಡಿಮೆಯಿಲ್ಲದಂತೆ ಕೂಗಿದೆ.

"ಕೇಳ್ರಿ. ಹಬ್ಬದಾಗ ಸ್ಲಿಪ್ ತಪ್ಪಿದ್ದು ಈ ಹೆಣ್ಮಗಳಿಂದ ಅಲ್ಲ. ಯಂತ್ರ ನಂದು, ತಪ್ಪು ನಂದು. ಸುಂಕಪ್ಪಂದು."

ಹಿಂದಿನಿಂದ ಎರ್ರಿಯಪ್ಪ ಕಿವಿಗೆ ಕೈ ಹಚ್ಚಿದ. "ಯಾರ್ದು ಅಂದ್ರಿ? ಇಂಜಿನ್ ಸಪ್ಪಳಕ್ಕ ಕೇಳವಲ್ದು."

"ಇಂಜಿನ್ ಬಂದ್ ಮಾಡಲೇ."

ಬಂದ್ ಮಾಡಿದ. ಅವನ ಹಿಂದಿನವನೂ ಬಂದ್ ಮಾಡಿದ, ಅವನ ಹಿಂದಿನವನೂ. ಯಾರ್ಡ್ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮತ್ತೊಮ್ಮೆ ಹೇಳಿದೆ, ಈ ಸಲ ಕೂಗುವ ಅಗತ್ಯ ಇರಲಿಲ್ಲ. ಎರ್ರಿಯಪ್ಪ ತಲೆ ಆಡಿಸಿ, ಈಗ ಕೇಳಿತು ಎಂದ.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಗಂಗಾಂಬಿಕಾ ಕೂತು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು.

"ಅಣ್ಣಾರ, ಬಾಗಲಾಗ ನಿಂತ್ರ ಬೆಳಕು ಬರವಲ್ದು, ಸರೀರಿ" ಎಂದಳು. "ಎರಡನೇ ಕಾಟಾ, ಮುಂದಿನ ಲಾರಿ ಬರ್ರಿ."